ಯಮುನತ್ತೆಯ ಜೊತೆ ಹೊಳೆದಂಡೆಯ ಹಟ್ಟಿಗೆ

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲ. ರಾಯಚೂರಿನಿಂದ ಮಾನ್ವಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಯಮುನತ್ತೆ ಕಿಟಕಿಯ ಬದಿಗೆ ಕೂತಳು, ನಾನು ಅವಳ ಪಕ್ಕ. ಕಾಲ ಬುಡದಲ್ಲಿ ಸಲೈನ್ ಬಾಟಲಿಗಳ ಪೆಟ್ಟಿಗೆ, ಬ್ಲೀಚಿಂಗ್ ಪುಡಿಯ ಚೀಲ.

ಯಮುನತ್ತೆ ನಮ್ಮ ತಂದೆಯ ಅಕ್ಕ. ಇಪ್ಪತ್ತೈದು ವರ್ಷದಿಂದ ಸರಕಾರಿ ದವಾಖಾನೆಗಳಲ್ಲಿ ನರ್ಸ್. ಪೂಜೆ-ಪಾಠದ ನಮ್ಮ ಮನೆತನದಲ್ಲಿ ಆ ಕೆಲಸಕ್ಕೆ ಹೋದ ಮೊದಲನೆಯವಳು ಅವಳೇ. ಅವಳನ್ನು ನೋಡಿ ನಾನೂ ಅದನ್ನೇ ಕಲಿತೆ. ಈಗ ದೇವದುರ್ಗದ ಕಡೆ ಒಂದು ಆರೋಗ್ಯ ಕೇಂದ್ರದ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ನನಗೆ ಇಪ್ಪತ್ತಮೂರು ವರ್ಷ. ಕೈಕೆಳಗೆ ನಾಲ್ವರು, ಎಲ್ಲರೂ ನನಗಿಂತ ಹಿರಿಯರು.

"ಹೊಳಿ ಕಡೆ ಒಂದು ಹಟ್ಟ್ಯಾಗ ವಾಂತಿಭೇದಿ ಎದ್ದದ. ಅಲ್ಲಿಗೆ ನನ್ನ ಜೋಡಿ ಬಾ. ಮುಂದ ನಾನೇ ನಿನ್ನ ದೇವದುರ್ಗಕ್ಕ ಬಿಟ್ಟು ಬರ್ತೀನಿ," ಎಂದಿದ್ದಳು ಅತ್ತೆ.

ಕಲ್ಮಲ ದಾಟಿದ ಮೇಲೆ ಎರಡೂ ಕಡೆ ಅರಳಿದ ಹತ್ತಿ. ಮಂಜಿನೊಳಗೆ ಹೊಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿಂದ ಹತ್ತಿತು ಎಂಬುದೇ ತಿಳಿಯುತ್ತಿರಲಿಲ್ಲ. ಬಸ್ಸು ಆ ಬಿಳುಪಿನಲ್ಲಿ ತೇಲಿದಂತೆ ಹೋಗುತ್ತಿತ್ತು.

"ಅತ್ತಿ, ಆ ನಾಕು ಮಂದಿ ನನ್ನ ಮಾತು ಕೇಳ್ತಾರೇನು?" ಎಂದು ಕೇಳಿದೆ.

"ಚಟ್ನಿಪುಡಿ ಕಟ್ಟಿಕೊಂಡೀ ಹೌದಿಲ್ಲೋ?" ಎಂದು ಕಣ್ಣು ಮುಚ್ಚಿದಳು.

ಮಾನ್ವಿಯಲ್ಲಿ ಇಳಿದು ಚಹಾದ ಜೊತೆ ಬಿಸಿ ಮಿರ್ಚಿ ತಿಂದೆವು. ಅಲ್ಲಿಂದ ಚೀಕಲಪರ್ವಿಗೆ ಇನ್ನೊಂದು ಬಸ್ಸು. ಮುಂದೆ ಎರಡು ಮೈಲಿ ಎತ್ತಿನ ಗಾಡಿ. ಬಿಸಿಲೇರಿ ಮಂಜು ಕರಗುತ್ತಿದ್ದಂತೆ ಬಂಡೆಗಳ ನಡುವೆ ತುಂಗಭದ್ರೆ ಒಂದೊಂದೇ ಎಳೆಯಾಗಿ ಕಾಣಿಸಿಕೊಂಡಳು. ದಂಡೆಯಲ್ಲಿ ಕುರಿ ಕಾಯುವವರ ಹತ್ತಾರು ಗುಡಿಸಲು.

ಐದು ಮಂದಿ ಮಲಗಿದ್ದರು. ಎಲ್ಲರೂ ಮರಳಿನಲ್ಲಿ ತೋಡಿದ ಒಂದೇ ಒರತೆಯ ನೀರು ಕುಡಿದವರು. ಮಲಗಿದವರ ಬಟ್ಟೆಗಳನ್ನೂ ಅದರ ಪಕ್ಕದಲ್ಲೇ ಒಗೆಯುತ್ತಿದ್ದರು. ನಾನು ದೊಡ್ಡ ದನಿಯಲ್ಲಿ, ಇನ್ನು ಯಾರೂ ಈ ಒರತೆಯ ನೀರು ಮುಟ್ಟಕೂಡದು ಎಂದು ಗದರಿದೆ.

ಹಟ್ಟಿಗೆ ಹಿರಿಯಳಾದ ಮಾಳವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೀ ಯಾವೂರಾಕಿ ಬೇ? ನಮ್ಮಜ್ಜನ ಕಾಲದಿಂದ ಇಲ್ಲೇ ನೀರು ಕುಡಿಯಾಕತ್ತೀವಿ. ಬಂದ ದಾರಿ ಹಿಡೀರಿ."

ಯಮುನತ್ತೆ ಅವಳ ಗುಡಿಸಲ ಮುಂದೆ ನೆಲದ ಮೇಲೆ ಕೂತಳು. "ಯವ್ವಾ, ಕುರಿಮರಿಗೆ ಭೇದಿ ಹತ್ತಿದ್ರ ಏನ್ ಮಾಡ್ತೀರಿ?"

"ಬ್ಯಾರೆ ಕಟ್ತೀವಿ. ಬೆಲ್ಲ, ಉಪ್ಪು ಕಲಸಿದ ನೀರು ಕುಡಸ್ತೀವಿ. ಹಿಂಡು ಕುಡಿಯೋ ನೀರಿಗೆ ಬಿಡಂಗಿಲ್ಲ."

"ಮಂದಿಗೂ ಹಂಗೇ ಮಾಡೂಣು. ಉಪ್ಪು, ಬೆಲ್ಲದ ಅಳತಿ ನಾ ತೋರಸ್ತೀನಿ. ಉಳಿದದ್ದು ನೀವು ಹೇಳ್ರಿ, ನಾವು ಮಾಡ್ತೀವಿ."

ಮಾಳವ್ವ ಸೊಂಟದ ಮೇಲಿನ ಕೈ ತೆಗೆದಳು. ಆಮೇಲೆ ತಿರುಗಿ ಹೆಂಗಸರನ್ನು ಕೂಗಿದಳು. ನೀರು ಕುದಿಸಲು ಒಲೆ ಹತ್ತಿತು. ಮೇಲ್ಗಡೆ ಹೊಸ ಒರತೆ ತೋಡತೊಡಗಿದರು.

ಮಾಳವ್ವನ ಸೊಸೆ ನಾಗವ್ವನಿಗೆ ಮಾತ್ರ ಕುಡಿಸಿದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕಣ್ಣು ಒಳಗೆ ಹೋಗಿ ಕೈ ತಣ್ಣಗಾಗಿತ್ತು. ಬಾಟಲಿಯನ್ನು ಜಾಲಿಯ ಟೊಂಗೆಗೆ ಕಟ್ಟಿದೆವು. ಸೂಜಿ ಹಿಡಿದು ಬಾಗಿದ ಯಮುನತ್ತೆ ಹಾಗೇ ಉಳಿದಳು. ಹಟ್ಟಿಯೆಲ್ಲ ಸುತ್ತ ನಿಂತಿತ್ತು.

"ನನ್ನ ಕಣ್ಣಿಗೆ ನರ ಕಾಣವಲ್ದು," ಎಂದಳು, ಎಲ್ಲರಿಗೂ ಕೇಳುವಂತೆ. "ಸುಧಾ, ನೀ ಹಾಕು," ಎಂದು ಸೂಜಿಯನ್ನು ನನ್ನ ಕೈಗೆ ಕೊಟ್ಟಳು.

"ಈ ಹುಡುಗಿ ಬ್ಯಾಡ್ರಿ. ನೀವೇ ಹಾಕ್ರಿ," ಎಂದಳು ಮಾಳವ್ವ.

"ಈಗ ನನಗಿಂತ ಈಕಿ ಕೈ ಚಲೋ ಅದ, ಯವ್ವಾ."

ಮೊದಲನೆಯ ಸಲ ನರ ತಪ್ಪಿತು. ಗುಂಪಿನಲ್ಲಿ ಗುಜುಗುಜು ಎದ್ದಿತು. ಅತ್ತೆ ನಾಗವ್ವನ ತೋಳನ್ನು ಒತ್ತಿ ಹಿಡಿದು, "ಅವಸರ ಇಲ್ಲ," ಎಂದಳು. ಅವಸರವಿತ್ತು ಎಂಬುದು ನನಗೆ ಗೊತ್ತಿತ್ತು. ಆದರೂ ಆ ದನಿ ಕೇಳಿ ಬೆರಳಿನಿಂದ ನರವನ್ನು ಮತ್ತೆ ನಿಧಾನವಾಗಿ ಹುಡುಕಿದೆ. ಎರಡನೆಯ ಸಲ ಸೂಜಿ ಕೂತಿತು. ಬಾಟಲಿಯಿಂದ ಹನಿ ಬೀಳತೊಡಗಿತು. ಮೂರನೆಯ ಬಾಟಲಿ ಮುಗಿಯುವಾಗ ನಾಗವ್ವ ಕಣ್ಣು ತೆರೆದು ನೀರು ಕೇಳಿದಳು.

ಎರಡು ದಿನ ಅಲ್ಲೇ ಇದ್ದೆವು. ಐವರೂ ಉಳಿದರು. ಹೊರಡುವಾಗ ಮಾಳವ್ವ ನನ್ನ ಕೈ ಹಿಡಿದಳು.

ಮಾನ್ವಿಯಿಂದ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕೇಳಿದೆ, "ಕಣ್ಣು ಎಷ್ಟು ದಿನದಿಂದ ಹಿಂಗದ, ಅತ್ತಿ?"

"ಆರು ತಿಂಗಳಾತು. ಪೊರಿ ಬಂದದ."

"ಎಲ್ಲಾರ ಮುಂದ ಯಾಕ ಹೇಳಿದಿ?"

"ಮತ್ತ ಸುಳ್ಳ ಹೇಳಿ ಆಕಿ ಕೈ ಚುಚ್ಚಬೇಕಿತ್ತೇನು?" ಎಂದು ನಕ್ಕಳು. ಸ್ವಲ್ಪ ದೂರ ಹೋದ ಮೇಲೆ, "ನಾಚಿಕಿ ಏನೋ ಬಂತು ನೋಡು," ಎಂದು ಸಣ್ಣ ದನಿಯಲ್ಲಿ ಸೇರಿಸಿದಳು. ಅವಳಿಗೂ ಹಾಗಾಗುತ್ತದೆಂದು ನಾನು ಎಂದೂ ಯೋಚಿಸಿರಲಿಲ್ಲ. ಹೊರಗೆ ಎಳೆಯ ಜೋಳದ ಹೊಲಗಳು ನಿದ್ದೆಗಣ್ಣಿನಲ್ಲಿ ಕಂಡಂತೆ ಹಿಂದೆ ಸರಿಯುತ್ತಿದ್ದವು.

ದೇವದುರ್ಗದಲ್ಲಿ ರಾಯಚೂರಿನ ಬಸ್ಸು ಹೊರಟು ನಿಂತಿತ್ತು. ಅದು ರಾಯಚೂರಿನದೇ ಹೌದೇ ಎಂದು ಅತ್ತೆ ಕಂಡಕ್ಟರನನ್ನು ಕೇಳಿ ಹತ್ತಿದಳು. ಕಿಟಕಿಯಿಂದ ಹೊರಗೆ ಕೈ ಚಾಚಿ ಬೀಸಿದಳು. ನನ್ನಂತೆಯೇ ಬಿಳಿ ಸೀರೆ ಉಟ್ಟು ಅತ್ತ ನಿಂತಿದ್ದ ಯಾರೋ ಹೆಂಗಸಿನ ಕಡೆಗೆ.

ನಾನು ಓಡಿಹೋಗಿ ಆ ಕೈ ಹಿಡಿದೆ. "ಇಲ್ಲಿದ್ದೀನಿ, ಅತ್ತಿ."

"ಹಾಂ, ಇಲ್ಲಿದ್ದೀ," ಎಂದಳು. ಬಸ್ಸು ಹೊರಡುವವರೆಗೂ ಕೈ ಬಿಡಲಿಲ್ಲ.