ಫೋನಿನಲ್ಲಿ ಹತ್ತಿದ ಶೀತ

ಈ ಪ್ರಸಂಗದಲ್ಲಿ ಕತ್ತೆ ಯಾರೆಂದು ಓದುವವರು ಕೊನೆಯವರೆಗೆ ಹುಡುಕುತ್ತ ಕೂರುವುದು ಬೇಡ. ನಾನೇ. ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದ ಒಂದು ಗಂಟಲಿಗೆ, ಅದೂ ಸ್ವಂತ ಚಿಕ್ಕಮ್ಮನ ಗಂಟಲಿಗೆ, ಅವಳ ಅಪ್ಪಣೆ ಕೇಳದೆ ಶೀತ ಬರಿಸಿದವನು ನಾನು. ಎದುರುಮನೆಯ ಫೋನಿನಲ್ಲಿ ಬರಿಸಿದೆ. ವೈದ್ಯರು ಈ ಕಾಯಿಲೆಗೆ ಏನು ಹೆಸರಿಟ್ಟಿದ್ದಾರೋ ತಿಳಿಯದು. ನಮ್ಮ ಮನೆಯಲ್ಲಿ ಅದಕ್ಕೆ ನನ್ನ ಹೆಸರನ್ನೇ ಇಟ್ಟಿದ್ದಾರೆ.

ಎಂಬತ್ತರ ದಶಕದ ನಡುವಿನ ಮಾತು. ಕೊಯಮತ್ತೂರಿನ ಅಂಚಿನ ಕುರಿಚಿಯಲ್ಲಿ ಅಜ್ಜಿಯ ಮನೆ. ಸುತ್ತ ಫೌಂಡ್ರಿಗಳು, ಲೇತ್ ಶೆಡ್ಡುಗಳು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಕೋಪ ಬಂದರೆ ಎರಡೂ. ಅಲ್ಲಿ ಅಜ್ಜಿ, ಅಮ್ಮನ ತಂಗಿಯಾದ ಈ ಚಿಕ್ಕಮ್ಮ, ಮತ್ತು ಕಾಲೇಜಿಗೆಂದು ಬಂದು ಕಾಲೇಜಿಗೆ ಹೋಗದ ನಾನು. ಚಿಕ್ಕಮ್ಮ ಒಂದು ಲೈಟ್ ಮ್ಯೂಸಿಕ್ ತಂಡದ ಮುಖ್ಯ ಗಾಯಕಿ. ಅದೇ ತಂಡದಲ್ಲಿ ನಾನು ಮಿಮಿಕ್ರಿ. ಎರಡು ಹಾಡುಗಳ ನಡುವೆ ತಬಲಾದವರು ಸುತ್ತಿಗೆಯಲ್ಲಿ ಕುಟ್ಟಿ ಶ್ರುತಿ ಕೂಡಿಸುವಷ್ಟು ಹೊತ್ತು ಜನ ಊಟದ ಹಾಲಿಗೆ ಓಡದಂತೆ ತಡೆಯುವುದು ನನ್ನ ಕಲಾಸೇವೆ. ಬಸ್ ಕಂಡಕ್ಟರ್, ಪವರ್‌ಲೂಮ್, ಕರು ಕಾಣದ ಎಮ್ಮೆ, ಇವು ನನ್ನ ಹೆಸರುವಾಸಿ ಐಟಂಗಳು. ಎಮ್ಮೆ ಮಾತ್ರ ಅಭ್ಯಾಸವಿಲ್ಲದೆಯೇ ಬಂತೆಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ದಿನ ವೆಳ್ಳಕೋಯಿಲ್‌ನಲ್ಲಿ ಮದುವೆಯ ರಿಸೆಪ್ಷನ್. ಹೆಣ್ಣಿನ ಸೋದರಮಾವ ಕಡಲೆಕಾಯಿ ಎಣ್ಣೆ ಮಿಲ್ಲಿನವರು. ಕೈಯಲ್ಲಿ ಎಣ್ಣೆಯ ಜೊತೆಗೆ ಸ್ವಲ್ಪ ಭಕ್ತಿಯೂ ಹೆಚ್ಚಾಗಿ, ಅಮ್ಮನವರ ಮೇಲೆ ಹೊಸ ಹಾಡುಗಳನ್ನು ಬರೆಸಿ ಒಂದು ಕ್ಯಾಸೆಟ್ ತರುವುದೆಂದು ಹೊರಟಿದ್ದರು. ಹಾಡಲು ಹೆಣ್ಣು ದನಿ ಬೇಕಿತ್ತು. ಚಿಕ್ಕಮ್ಮನ ವಿಷಯ ಯಾರೋ ಹೇಳಿದ್ದರು. "ಮೊದಲನೇ ಹಾಡು ಒಂದು ಕೇಳ್ತೀನಿ. ಅದು ದೇವರ ಹಾಡು. ಆಮೇಲೆ ಬರೋ ಸಿನಿಮಾ ಕೂಗಾಟಕ್ಕೆಲ್ಲ ನಾನು ಕೂರಲ್ಲ, ಉಂಡು ಮಲಗ್ತೀನಿ" ಎಂದು ಅವರು ಹೇಳಿಕಳಿಸಿದ್ದರು. ನಮ್ಮ ತಂಡದ ಪದ್ಧತಿಯೂ ಅದೇ: ಮೊದಲನೆಯದು ದೇವರದು, ಮಿಕ್ಕದ್ದೆಲ್ಲ ಜನರದು. ಮೊದಲನೆಯದು ಯಾವಾಗಲೂ ಚಿಕ್ಕಮ್ಮನದು.

ಅವಳಿಗೆ ಅದು ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು, ಆದ್ದರಿಂದ ಗೊತ್ತಿರಲಿಲ್ಲವೆಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ನಮ್ಮದು ಅನುಕರಣೆಯ ಮನೆತನ. ನಾನು ಬಸ್ಸನ್ನು ಅನುಕರಿಸುತ್ತೇನೆ, ಅವಳು ರೇಡಿಯೊದಲ್ಲಿ ಬರುವ ಗಾಯಕಿಯರನ್ನು. ಅವರು ಎಲ್ಲಿ ಉಸಿರು ತೆಗೆದುಕೊಂಡರೋ ಇವಳೂ ಅಲ್ಲೇ ತೆಗೆದುಕೊಳ್ಳಬೇಕು. ಒಂದು ಗಮಕ ತನ್ನ ಇಷ್ಟಕ್ಕೆ ಹಾಕಿದರೆ ಮುಂದಿನ ಸಾಲಿನಿಂದ "ರೆಕಾರ್ಡಿನಲ್ಲಿ ಹಾಗಿಲ್ಲ" ಎಂದು ಯಾರಾದರೂ ಕೂಗುತ್ತಾರೆ. ಯಾರೂ ಮೊದಲು ಹಾಡಿರದ ಒಂದು ಹಾಡನ್ನು ಅವಳು ಇಷ್ಟು ವರ್ಷದಲ್ಲಿ ಹಾಡಿರಲಿಲ್ಲ. ಕ್ಯಾಸೆಟ್ ಆದರೆ, ಬೇರೆ ಗಾಯಕಿಯರು ಇವಳನ್ನು ಅನುಕರಿಸಬೇಕಾಗುತ್ತಿತ್ತು.

ಚಿಕ್ಕಮ್ಮ ಊರಿಗೆ ಹೊರಟಳೆಂದರೆ ಹೊರಡುತ್ತಿದ್ದುದು ಅವಳ ಗಂಟಲು. ಇವಳು ಅದರ ಜೊತೆಗೆ ಹೋಗಿಬರುತ್ತಿದ್ದಳು ಅಷ್ಟೆ. ಗಂಟಲಿಗೆ ಪರವೂರಿನ ನೀರು ಆಗದು, ಆದ್ದರಿಂದ ಮನೆಯಲ್ಲೇ ಕುದಿಸಿದ ನೀರು ದೊಡ್ಡ ಫ್ಲಾಸ್ಕಿನಲ್ಲಿ. ಅಗಿಯಲು ಶುಂಠಿಯಂಥ ಸಿತ್ತರತ್ತೈ ಬೇರು, ಕಾಳುಮೆಣಸು, ತಾಳೆಬೆಲ್ಲ. ಕೊಯಮತ್ತೂರು ಬೆವರುವ ತಿಂಗಳಲ್ಲೂ ಉಣ್ಣೆಯ ಮಫ್ಲರ್. ಗಾಳಿ ಕಿವಿಯಿಂದ ನುಗ್ಗಿ ಗಂಟಲಿಗೆ ಇಳಿಯುತ್ತದೆ ಎಂಬುದು ಅಜ್ಜಿ ಕಂಡುಹಿಡಿದ ಶರೀರಶಾಸ್ತ್ರವಾದ್ದರಿಂದ ಕಿವಿಗೆ ಹತ್ತಿ. ಮಲ್ಲಿಗೆ ಬಾಳೆಲೆಯೊಳಗೆ, ಬಾಳೆಲೆ ಒದ್ದೆ ಬಟ್ಟೆಯೊಳಗೆ. ಬಳೆಗಳದ್ದು ಪ್ರತಿ ಪ್ರಯಾಣದಲ್ಲೂ ಇತ್ಯರ್ಥವಾಗಬೇಕಾದ ವ್ಯಾಜ್ಯ. ಗಾಜಿನ ಬಳೆಯ ಸದ್ದು ಮೈಕಿಗೆ ಹಾಡಿಗಿಂತ ಚೆನ್ನಾಗಿ ಕೇಳಿಸುತ್ತದೆ, ತೆಗೆದಿಡಬೇಕು; ಬರಿಗೈಯಲ್ಲಿ ಹೊಸಿಲು ದಾಟುವುದಕ್ಕೆ ಅಜ್ಜಿ ಬಿಡಳು. ಕೊನೆಗೆ ವೇದಿಕೆಯ ಮೆಟ್ಟಿಲವರೆಗೆ ಗಾಜು, ಮೇಲೆ ಪ್ಲಾಸ್ಟಿಕ್ ಎಂದು ರಾಜಿ. ಇಷ್ಟನ್ನೂ ಹೊರುವವನು ನಾನು. ನನ್ನ ಸ್ವಂತ ಸಾಮಾನು ಒಂದು ಬಾಚಣಿಗೆ. "ಅದೂ ಯಾಕೆ, ಆ ತಲೇಲಿ ಬಾಚೋಕೆ ಏನೈತೆ?" ಎಂದಳು ಅಜ್ಜಿ.

ಇದೆಲ್ಲಕ್ಕಿಂತ ದೊಡ್ಡ ತಯಾರಿ ಮೌನ. ಹಾಡುವ ದಿನ ಎದ್ದ ಕ್ಷಣದಿಂದ ಮೈಕಿನ ಮುಂದೆ ನಿಲ್ಲುವವರೆಗೆ ಚಿಕ್ಕಮ್ಮ ತುಟಿ ಬಿಚ್ಚಳು. ಋಷಿಗಳ ಮೌನದಲ್ಲಿ ಶಾಂತಿ ಇರುತ್ತದಂತೆ. ಇವಳದರಲ್ಲಿ ಚಪ್ಪಾಳೆ, ಚಿಟಿಕೆ, ಹುಬ್ಬು, ತಟ್ಟೆ ಕುಕ್ಕುವುದು ಎಲ್ಲ ಇತ್ತು. ಬಾಯಿ ಬಿಟ್ಟು ಬೈಯುವುದನ್ನು ತಡೆದುಕೊಳ್ಳಬಹುದು, ಆ ಹುಬ್ಬನ್ನು ತಡೆದುಕೊಳ್ಳಲಾಗುತ್ತಿರಲಿಲ್ಲ. ಅವಳ ಸನ್ನೆಗಳನ್ನು ಮಾತಾಗಿಸುವ ಅಧಿಕೃತ ಬಾಯಿ ನಾನು. ಬಾಗಿಲಿಗೆ ಯಾರು ಬಂದರೂ ಒಳಗಿನಿಂದ ಅವಳ ದನಿಯಲ್ಲೇ ಉತ್ತರ ಕೊಡುತ್ತಿದ್ದೆ. ಹಾಲಿನವಳು "ನಾಳೆ ಅರ್ಧ ಲೀಟರ್ ಜಾಸ್ತಿ ಬೇಕಾ ಅಮ್ಮಣಿ?" ಎಂದರೆ "ಬೇಡಕ್ಕಾ" ಎನ್ನುವುದು, ಇಸ್ತ್ರಿಯವನನ್ನು ಗದರುವುದು. ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಅದರಿಂದ ನನ್ನ ತಲೆ ಬಾಚಣಿಗೆಗೆ ಸಿಗದಷ್ಟು ಎತ್ತರಕ್ಕೆ ಹೋಗಿತ್ತು.

ಆ ದಿನ ಬೆಳಿಗ್ಗೆ ಎದುರುಮನೆಯಾಕೆ ಕಿಟಕಿಯಿಂದ ಕೂಗಿದರು: "ಅಮ್ಮಣಿ, ಮಾಸ್ಟರ್ ಫೋನು!"

ಮಾಸ್ಟರ್ ಎಂದರೆ ತಂಡ ಕಟ್ಟಿದವರು, ಹಾರ್ಮೋನಿಯಂ ನುಡಿಸುವವರು. ಕುನ್ನತ್ತೂರು ಕಡೆಯ ನಮ್ಮವರೇ, ಮನೆಮಾತು ಕನ್ನಡ. ತಮ್ಮ ಕಿವಿಯ ಬಗ್ಗೆ ಅವರಿಗೆ ಬಹಳ ಗೌರವ. ಸೈಕಲ್ ಬೆಲ್ ಕೇಳಿಸಿದರೆ ಯಾವ ಸ್ವರವೆಂದು ಹೇಳುತ್ತಿದ್ದರು. ಸರಿಯೋ ತಪ್ಪೋ ಸೈಕಲ್ಲಿನವನು ನಿಂತು ಹೇಳುತ್ತಿರಲಿಲ್ಲ.

"ಹೋಗಿ, ಅವ್ಳು ಮೌನದಾಗವ್ಳೆ ಅಂತ ಹೇಳಿ, ಏನು ವಿಷ್ಯ ಕೇಳ್ಕೊಂಡು ಬಾ" ಎಂದಳು ಅಜ್ಜಿ. ಇದಕ್ಕಿಂತ ಸುಲಭವಾದ ಕೆಲಸ ಯಾರಿಗೂ ಕೊಡಲಾಗದು. ನಾನು ರಸ್ತೆ ದಾಟಿ ಹೋಗಿ ರಿಸೀವರ್ ಎತ್ತಿದೆ.

"ಯಾರು, ಅಮ್ಮಣಿಯಾ?"

ಇಲ್ಲ ಎಂದು ಹೇಳುವುದಕ್ಕೆ ನಾಲಿಗೆ ಎದ್ದಿತ್ತು. ಆದರೆ ಬಂದದ್ದು ಚಿಕ್ಕಮ್ಮ. "ಹೌದೂಂಗ ಮಾಸ್ಟರ್, ಹೇಳೀಂಗ." ಮಾತಿನ ಬಾಲಕ್ಕೆ ಒಂದು 'ಂಗ' ಹಚ್ಚುವುದು ನಮ್ಮ ಕಡೆಯ ಮರ್ಯಾದೆ; ಅದನ್ನೂ ಅವಳಂತೆಯೇ ಎಳೆದೆ.

"ಯಾಕಮ್ಮಣಿ, ಗಂಟ್ಲು ಕಟ್ಟಿದಂಗೈತೆ?"

ನನ್ನ ಕಲಾಜೀವನದಲ್ಲಿ ಅಂಥ ವಿಮರ್ಶೆ ಬಂದಿರಲಿಲ್ಲ. ಒಂದೋ ಅನುಕರಣೆ ಕೆಟ್ಟಿದೆ ಎಂದು ಒಪ್ಪಿಕೊಳ್ಳಬೇಕು, ಇಲ್ಲವೇ ಗಂಟಲು ಕೆಟ್ಟಿದೆ ಎನ್ನಬೇಕು. ಅನುಕರಣೆ ನನ್ನದು, ಗಂಟಲು ಅವಳದು. ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಒಸಿ ಶೀತಾಂಗ" ಎಂದು ಒಮ್ಮೆ ಕೆಮ್ಮಿದೆ. ಕೆಮ್ಮು ಮೊದಲ ದರ್ಜೆಯದು.

"ಅಯ್ಯೋ ನನ್ ಕಣ್ಣು, ಶೀತ ಇವತ್ತೇ ಬರಬೇಕಾ! ಹಂಗಾದ್ರೆ ಒಂದು ಕೆಲ್ಸ ಮಾಡಾಣ. ಗಂಡಿನ ಕಡೆ ಹುಡುಗಿ ಒಬ್ಳು, ಹಾಡ್ತೀನಿ ಹಾಡ್ತೀನಿ ಅಂತ ಪ್ರಾಣ ತಿಂತಾವ್ಳೆ. ಮೊದಲನೇದು ಅವ್ಳಿಗೆ ಕೊಟ್ಬುಡ್ತೀನಿ. ನೀನು ಸುಧಾರಿಸ್ಕೊಂಡು ನಾಲ್ಕನೇದಕ್ಕೆ ಬಾ. ಏನಂತೀಯ?"

ಮಿಮಿಕ್ರಿಯವರಿಗೆ ಒಂದು ರೋಗವಿದೆ. ಇನ್ನೊಬ್ಬರ ದನಿಯೊಳಗೆ ಹೊಕ್ಕರೆ ಅವರ ಸ್ವತ್ತನ್ನೂ ಧಾರಾಳವಾಗಿ ಹಂಚಿಬಿಡುತ್ತೇವೆ. "ಆಗಲೀಂಗ. ಪಾಪ, ಚಿಕ್ಕ ಹುಡುಗಿ, ಹಾಡಲಿ" ಎಂದೆ.

"ಎಂಥಾ ಮನ್ಸು ಅಮ್ಮಣಿ ನಿಂದು!" ಎಂದರು ಮಾಸ್ಟರ್. ನನಗೇ ಕಣ್ಣು ತುಂಬಿ ಬಂತು.

ಫೋನ್ ಇಟ್ಟ ಮೇಲೆ ಬುದ್ಧಿ ಬಂತು. ಬುದ್ಧಿಯ ಅಭ್ಯಾಸವೇ ಅದು. ನಾಲ್ಕನೇದರ ಹೊತ್ತಿಗೆ ಎಣ್ಣೆ ಮಿಲ್ಲಿನವರು ಉಂಡು ಮಲಗಿರುತ್ತಾರೆ. ಮತ್ತೆ ಕರೆದು ಹೇಳೋಣವೆಂದರೆ ಮಾಸ್ಟರ್ ಮನೆಯಲ್ಲಿ ಫೋನಿಲ್ಲ, ಅವರು ಅಂಗಡಿಯೊಂದರಿಂದ ಮಾತಾಡಿ ಹೋಗಿಯಾಗಿತ್ತು. ರಸ್ತೆ ದಾಟಿ ಬರುವಾಗ ಚಿಕ್ಕಮ್ಮ ಬಾಗಿಲಲ್ಲಿ ನಿಂತು ಹುಬ್ಬೆತ್ತಿದಳು: ಏನಂತೆ?

"ಊಟ ಆದ್ಮೇಲೆ ವ್ಯಾನ್ ಬರುತ್ತಂತೆ" ಎಂದೆ. ವ್ಯಾನ್ ಊಟದ ನಂತರ ಬರುವುದು ಮೊದಲೇ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ನಾನು ಕೆಲಸಕ್ಕೆ ಬಿದ್ದೆ. ಸೀರೆ ಮಡಿಸಿದೆ, ಫ್ಲಾಸ್ಕ್ ತೊಳೆದೆ, ಹೇಳದೆಯೇ ಮಲ್ಲಿಗೆಗೆ ನೀರು ಚಿಮುಕಿಸಿದೆ. ಚಿಕ್ಕಮ್ಮ ಕನ್ನಡಿಯ ಮುಂದೆ ಕೂತು, ದನಿಯಿಲ್ಲದೆ, ಬರೀ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತ ಆ ದೇವರ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದಳು. ಮುಗಿದರೆ ಮತ್ತೆ ಮೊದಲಿನಿಂದ. ಅದನ್ನು ನೋಡಲಾಗದೆ ನಾನು ಮಫ್ಲರನ್ನೂ ಇಸ್ತ್ರಿ ಮಾಡಿದೆ.

"ಇವನೇನೋ ಮಾಡವ್ನೆ" ಎಂದಳು ಅಜ್ಜಿ, ತೆಂಗಿನಕಾಯಿ ತುರಿಯುತ್ತ. "ಹೇಳದೇನೆ ಕೆಲ್ಸ ಮಾಡ್ತಾವ್ನೆ ಅಂದ್ರೆ ಏನೋ ಮುರಿದವ್ನೆ. ಆ ಫ್ಲಾಸ್ಕು ಅಲ್ಲಾಡ್ಸಿ ನೋಡೇ."

ಫ್ಲಾಸ್ಕ್ ಗಟ್ಟಿಯಾಗಿತ್ತು.

ವ್ಯಾನಿನಲ್ಲಿ ಮಾಸ್ಟರ್ ಮುಂದಿನ ಸೀಟಿನಲ್ಲಿದ್ದರು. ನನ್ನ ತೊಡೆಯ ಮೇಲೆ ಡ್ರಮ್. ಚಿಕ್ಕಮ್ಮ ನಡುವೆ, ಕೊರಳಿಗೆ ಮಫ್ಲರ್, ಕಿವಿಯಲ್ಲಿ ಹತ್ತಿ, ಕೈಯಲ್ಲಿ ಬಿಸಿನೀರು, ಕೆನ್ನೆಯೊಳಗೆ ಬೇರಿನ ಚೂರು. ನಾನು ಹೇಳಿದ ಸುಳ್ಳಿಗೆ ಅವಳೇ ವೇಷ ಕಟ್ಟಿಕೊಂಡು ಬಂದಂತಿತ್ತು. ಪಲ್ಲಡಂ ದಾಟುವವರೆಗೆ ನಾನು ಮಾಸ್ಟರ್ ನಿದ್ದೆ ಮಾಡಲಿ ಎಂದು ಊರಿಗೊಂದು ದೇವರಿಗೆ ಹರಕೆ ಹೊತ್ತೆ. ಕಾಂಗೇಯಂನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವರು ಹಿಂತಿರುಗಿದರು.

"ಶೀತ ಹೆಂಗೈತೆ ಅಮ್ಮಣಿ?"

ಚಿಕ್ಕಮ್ಮ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದಳು. ಆಮೇಲೆ ತನ್ನ ಎದೆ ಮುಟ್ಟಿ, ಕೈಯಾಡಿಸಿ, ಇಲ್ಲ ಎಂದಳು.

"ಅಯ್ಯೋ, ದನೀನೇ ಹೊರಡ್ತಿಲ್ಲ!" ಮಾಸ್ಟರ್ ಗಾಬರಿಯಾದರು; ಬೆಳಿಗ್ಗೆ ಫೋನಿನಲ್ಲಿ ಮಾತಾಡಿದವಳಿಗೆ ಇವತ್ತು ಮೌನವಿಲ್ಲವೆಂದೇ ಅವರ ಲೆಕ್ಕ. "ಬ್ಯಾಡ, ಬ್ಯಾಡ, ಮಾತಾಡ್ಬೇಡ ಕಣ್ಣು. ಅವ್ಳು ಮೊದಲನೇದು ಹಾಡ್ಲಿ, ನೀನು ಒಪ್ಕೊಂಡಿದ್ದೇ ಒಳ್ಳೇದಾಯ್ತು."

ಚಿಕ್ಕಮ್ಮ ಎರಡೂ ಕೈ ಬೀಸಿದಳು, ಗಂಟಲು ತೋರಿಸಿದಳು, ಸೀಟು ಗುದ್ದಿದಳು. ಬೀಸಿದಷ್ಟೂ ಮಾಸ್ಟರಿಗೆ ಕನಿಕರ ಹೆಚ್ಚಾಯಿತು. "ಏನಂತಾಳೆ ತಂಬಿ?" ಎಂದು ನನ್ನನ್ನು ಕೇಳಿದರು.

ಅಧಿಕೃತ ಬಾಯಿ ಬಿಚ್ಚಿತು. "ಈಗ ಸ್ವಲ್ಪ ವಾಸಿ, ನೀವು ಹೇಳಿದಂಗೇ ಆಗ್ಲಿ ಅಂತಾಳೆ."

ಚಿಕ್ಕಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ಹುಬ್ಬು ಎದ್ದಿತು. ನನ್ನನ್ನು ತೋರಿಸಿದಳು, ಕಿರುಬೆರಳು ಹೆಬ್ಬೆರಳು ಚಾಚಿ ಕೈಯನ್ನು ಕಿವಿಗಿಟ್ಟುಕೊಂಡಳು, ಮತ್ತೆ ನನ್ನನ್ನು ತೋರಿಸಿದಳು. ನನ್ನ ಕಿವಿ ಅವಳ ಕೈಗೆ ಹೋಯಿತು. ಡ್ರಮ್ ಉರುಳಿತು.

"ಮಾಸ್ಟರ್, ಫೋನಲ್ಲಿ ಮಾತಾಡಿದ್ದು ನಾನು" ಎಂದೆ. ನನ್ನ ಸ್ವಂತ ದನಿ ನನಗೆ ಅಷ್ಟು ರೂಢಿಯಿರಲಿಲ್ಲ. ಎಮ್ಮೆಯ ಕರುವಿನಂತೆ ಬಂತು.

ತಬಲಾದವರು ಚಹಾದ ಲೋಟದೊಳಗೆ ನಕ್ಕರು. ಮಾಸ್ಟರ್ ನಗಲಿಲ್ಲ. ಸೈಕಲ್ ಬೆಲ್ಲಿಗೆ ಸ್ವರ ಹೇಳುವ ಕಿವಿ ಒಬ್ಬ ಪಡ್ಡೆ ಹುಡುಗನ ಕೈಯಲ್ಲಿ ಮೋಸಹೋಯಿತೆಂದರೆ ಅದನ್ನು ಹೊತ್ತು ಅವರು ವೇದಿಕೆಯನ್ನು ಹೇಗೆ ಹತ್ತಬೇಕು?

"ಸುಳ್ಳು" ಎಂದರು. "ಇಷ್ಟು ವರ್ಷ ಪಕ್ಕದಾಗೆ ಕೂತು ನುಡಿಸಿವ್ನಿ, ನಂಗೆ ಅಮ್ಮಣಿ ದನಿ ಗೊತ್ತಾಗಲ್ವ? ಅದು ಅಮ್ಮಣೀನೇ. ಈಗ ಮನಸ್ಸು ಬದಲಾಯಿಸವ್ಳೆ, ಅದಕ್ಕೆ ಈ ತಂಬಿ ತಲೆಗೆ ಕಟ್ತಾವ್ಳೆ. ಗಂಡಿನ ಕಡೆಯೋರಿಗೆ ಆಗ್ಲೇ ಹೇಳಿ ಕಳ್ಸಾಯ್ತು. ಒಪ್ಕೊಂಡೋಳು ಅವ್ಳು, ನಾಲ್ಕನೇದೇ ಹಾಡ್ಬೇಕು."

ಚಿಕ್ಕಮ್ಮ ನನ್ನ ಕಿವಿ ಬಿಟ್ಟಳು. ತನ್ನ ಕಿವಿಯ ಹತ್ತಿ ತೆಗೆದಳು, ಮಫ್ಲರ್ ಬಿಚ್ಚಿದಳು, ಕೆನ್ನೆಯೊಳಗಿನ ಬೇರನ್ನು ಕಿಟಕಿಯಾಚೆ ಉಗಿದಳು. ಬೆಳಗಿನಿಂದ ಕಟ್ಟಿಟ್ಟಿದ್ದ ದನಿ ಹೊರಬಂದಾಗ ಚಹಾ ಅಂಗಡಿಯವನು ಪಾತ್ರೆ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದ. ಶೀತದ ಸುಳಿವೂ ಇರಲಿಲ್ಲ. ವೆಳ್ಳಕೋಯಿಲ್ ತಲುಪುವವರೆಗೆ ಮಾಸ್ಟರ್ ಮುಂದಿನ ಗಾಜನ್ನೇ ನೋಡುತ್ತ ಕೂತರು. ಮೊದಲನೇ ಹಾಡು ಯಾರದೆಂದು ಆಮೇಲೆ ಯಾರೂ ಕೇಳಲಿಲ್ಲ. ಅವಳು ಅಂದದ್ದು ಇಷ್ಟು:

"ಮೊದಲನೇದು ನಾನು ಹಾಡ್ತೀನೀಂಗ ಮಾಸ್ಟರ್. ಫೋನಲ್ಲಿ ಒಪ್ಕೊಂಡೋಳು ಯಾರೋ, ನಾಲ್ಕನೇದು ಅವ್ಳೇ ಹಾಡ್ಲಿ. ಮೈಕ್ ಮುಂದೆ ನಿಲ್ಸೋಕೆ ಮುಂಚೆ ಮಾತ್ರ ಅವ್ಳ ಮೀಸೆ ಬೋಳ್ಸಿ ಕರ್ಕೊಂಡ್ ಬನ್ನಿ."