ವಿಭೂತಿಯ ಕೆಳಗಿನ ಬಿರುಕು

ಆಗ ಬಿಡದಿಯ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸವೇ ಬಿರುಕು ಹುಡುಕುವುದಾಗಿತ್ತು. ಎರಕ ಹೊಯ್ದು ಬಂದ ಇಂಜಿನ್ ಬ್ಲಾಕಿನ ತೂತುಗಳನ್ನೆಲ್ಲ ರಬ್ಬರಿನಿಂದ ಮುಚ್ಚಿ, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಗೆ ಇಳಿಸುತ್ತಿದ್ದೆವು. ಎಲ್ಲಾದರೂ ಒಂದು ಗುಳ್ಳೆ ಎದ್ದರೆ ಅಲ್ಲಿಗೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಇಡಬೇಕು. ಶಿಫ್ಟಿನ ಬಸ್ಸು ಹತ್ತಿ ಹೋಗಿ, ದಿನವಿಡೀ ಗುಳ್ಳೆ ನೋಡಿ ಬರುತ್ತಿದ್ದ ನನ್ನನ್ನು ಊರಿನವರು ಇಂಜಿನಿಯರ್ ಎನ್ನುತ್ತಿದ್ದರು. ನಾನೂ ಬೇಡವೆನ್ನುತ್ತಿರಲಿಲ್ಲ.

ಅಂಥ ನಾನು ನಮ್ಮ ಮನೆಯ ದೋಣಿಯ ಇಂಜಿನ್ನನ್ನು ನೋಡಲಿಲ್ಲ. ನೋಡಲಿಲ್ಲ ಎಂದರೆ ಅದೂ ಸುಳ್ಳು. ನೋಡಿದೆ, ನೋಡಿ ಕೈ ಹಿಂದಕ್ಕೆ ತೆಗೆದುಕೊಂಡೆ.

ನಮ್ಮೂರು ಮಾಗಡಿ ತಾಲ್ಲೂಕಿನಲ್ಲಿ, ಒಂದು ಜಲಾಶಯದ ಹಿನ್ನೀರಿನ ಈಚೆ ದಡದಲ್ಲಿದೆ. ನನ್ನ ಹೆಂಡತಿಯ ತವರು ಆಚೆ ದಡದಲ್ಲಿ. ಅವರ ತೆಂಗಿನ ತೋಟ ನಮ್ಮ ಹಿತ್ತಿಲಿಂದ ಕಾಣುತ್ತದೆ. ಆದರೆ ಬಸ್ಸಿನಲ್ಲಿ ಹೋಗಬೇಕೆಂದರೆ ಮಾಗಡಿಗೆ ಹೋಗಿ, ಅಲ್ಲಿ ಇನ್ನೊಂದು ಬಸ್ಸಿಗೆ ಕಾದು, ಅರ್ಧ ದಿನ ಕಳೆಯಬೇಕು. ಇದನ್ನು ನೋಡಿ ನೋಡಿಯೇ ನಮ್ಮಣ್ಣನಿಗೆ ದೋಣಿಯ ಹುಚ್ಚು ಹಿಡಿಯಿತು. ಜನರನ್ನೂ ಕಾಯಿಮೂಟೆಗಳನ್ನೂ ಆಚೀಚೆ ಸಾಗಿಸುತ್ತೇನೆ ಎಂದು ಹೊರಟವನು, ಕನಕಪುರದ ಕಡೆ ಯಾರೋ ಮಾರಲು ಇಟ್ಟಿದ್ದ ಹಳೆಯ ಮೋಟಾರು ದೋಣಿಯನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದೇಬಿಟ್ಟ. ರಾಗಿ ಹೊಲದ ನಡುವೆ ದೋಣಿ ಬರುವುದನ್ನು ಕಂಡ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ದೋಣಿಯೊಳಗೆ ಕೂರಿಸಿದ್ದ ಇಂಜಿನ್ನಿನ ಪಕ್ಕಕ್ಕೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಒಂದು ಆಯುಧಪೂಜೆಯದ್ದಲ್ಲ, ಎಷ್ಟೋ ಆಯುಧಪೂಜೆಗಳದ್ದು. ಎಣ್ಣೆ ಜಿಡ್ಡಿನ ಜೊತೆ ಸೇರಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಕೆಳಗಿನ ಪಟ್ಟೆಯ ಅಂಚಿನಿಂದ ತುಕ್ಕಿನ ಒಂದು ಸಣ್ಣ ಗೆರೆ ಇಳಿದಿತ್ತು. ಕಾರ್ಖಾನೆಯಲ್ಲಾಗಿದ್ದರೆ ಅಷ್ಟಕ್ಕೇ ನಾನು ನಾಲ್ಕು ಜನರನ್ನು ಕರೆಯುತ್ತಿದ್ದೆ. ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ.

"ಏಯ್, ಬುದ್ಧಿ ಐತೇನ್ಲಾ ನಿಂಗೆ? ವಿಭೂತಿ ಒರಸ್ತಾರೇನ್ಲಾ ಯಾರಾದ್ರೂವೆ? ತೆಗಿ ಕೈಯ!" ಎಂದು ಅಣ್ಣ ಗದರಿದ.

ತೆಗೆದೆ. ನಮ್ಮಲ್ಲಿ ಟ್ರ್ಯಾಕ್ಟರ್ ತೊಳೆಯುವವರೂ ವಿಭೂತಿ ಹಚ್ಚಿದ ಜಾಗ ಬಿಟ್ಟು ತೊಳೆಯುತ್ತಾರೆ. ಅದು ತಾನಾಗಿ ಹೋಗಬೇಕೇ ಹೊರತು ನಾವು ಅಳಿಸಬಾರದು. ಅಣ್ಣ ಅದರ ಮೇಲೆಯೇ ಹೊಸದಾಗಿ ಇನ್ನೊಂದು ಸಲ ಬಳಿದು, ಕಾಯಿ ಒಡೆದು, ದಡದಲ್ಲೇ ಐದು ನಿಮಿಷ ಇಂಜಿನ್ ಓಡಿಸಿದ. ಚೆನ್ನಾಗಿಯೇ ಓಡಿತು.

ಮುಂದಿನ ಭಾನುವಾರ ಮೊದಲ ಪ್ರಯಾಣ. ಅಣ್ಣ, ನಾನು, ನನ್ನ ಹೆಂಡತಿ. ಅಣ್ಣನಿಗೆ ಈಜು ಬರುತ್ತದೆ, ನಮ್ಮಿಬ್ಬರಿಗೂ ಬಾರದು. ಹತ್ತುವ ಮೊದಲು ಅವಳು, "ಏನ್ರೀ, ಇಂಜಿನ್ನ ನೀವು ಒಂದ್ಸಲ ನೋಡುದ್ರಾ?" ಎಂದು ಕೇಳಿದಳು. "ಊಂ, ನೋಡಿವ್ನಿ, ಹತ್ತು" ಎಂದೆ. ಅವಳು ಹತ್ತಿದಳು.

ಮಧ್ಯಕ್ಕೆ ಬರುವವರೆಗೂ ಎಲ್ಲ ಸರಿಯಾಗಿತ್ತು. ಆಮೇಲೆ ನನ್ನ ಪಾದ ಒದ್ದೆಯಾಯಿತು. ಮೊದಲು ಚಿಮ್ಮಿದ ನೀರಿರಬೇಕೆಂದುಕೊಂಡೆ. ನೋಡುನೋಡುತ್ತಿದ್ದಂತೆ ಅದು ಕಾಲಿನ ಹರಡಿನವರೆಗೆ ಬಂತು. ಬೆಚ್ಚಗಿತ್ತು.

"ತಳ ತೂತಾಗೈತೆ ಕಣ್ಲಾ!" ಎಂದು ಅಣ್ಣ ಕೂಗಿ, ಹೆಗಲ ಮೇಲಿನ ಟವೆಲ್ಲನ್ನು ನನ್ನ ಕಡೆಗೆ ಎಸೆದ. "ಎಲ್ಲೈತೆ ನೋಡಿ ತುರುಕ್ಲಾ, ನಾನು ಬಿರ್ರನೆ ದಡಕ್ಕೆ ಹೊಡೀತೀನಿ!" ಇಂಜಿನ್ನಿನ ವೇಗ ಹೆಚ್ಚಿಸಿದ. ನೀರೂ ಹೆಚ್ಚಿತು.

ತಳದಿಂದ ಬರುವ ನೀರು ತಣ್ಣಗಿರಬೇಕಲ್ಲವೇ? ಆ ಇಂಜಿನ್ನಿಗೆ ಹಿನ್ನೀರೇ ತಂಪು. ಕೆಳಗಿನ ಪೈಪಿನಿಂದ ನೀರನ್ನು ಹೀರಿ, ಬ್ಲಾಕಿನ ಒಳಗೆ ಸುತ್ತಿಸಿ, ಪಕ್ಕದ ಪೈಪಿನಿಂದ ಹೊರಗೆ ಉಗುಳುತ್ತದೆ. ಟವೆಲ್ಲಿನಿಂದ ವಿಭೂತಿಯನ್ನು ತಿಕ್ಕಿದೆ. ಅಂಗೈ ಸುಟ್ಟಿತು. ಪಟ್ಟೆಗಳ ಕೆಳಗೆ ಗೇಣುದ್ದದ ಬಿರುಕು. ಬ್ಲಾಕು ಕಾದು ಬಿರುಕಿನ ಬಾಯಿ ತೆರೆದುಕೊಂಡಿತ್ತು, ನೀರು ಹಾಳೆಯ ಹಾಗೆ ಸುರಿಯುತ್ತಿತ್ತು. ನಮ್ಮನ್ನು ದಡಕ್ಕೆ ಒಯ್ಯಬೇಕಾದ ಇಂಜಿನ್ನೇ ಹಿನ್ನೀರನ್ನೆಲ್ಲ ಎತ್ತಿ ದೋಣಿಗೆ ತುಂಬುತ್ತಿತ್ತು.

"ಅಣ್ಣ, ಇಂಜಿನ್ ಆಫ್ ಮಾಡು! ಬ್ಲಾಕು ಒಡ್ದೋಗೈತೆ, ನೀರು ಬತ್ತಿರೋದೇ ಇದ್ರಿಂದ!"

"ನಡುನೀರ್ನಲ್ಲಿ ನಿಲ್ಸು ಅಂತೀಯೇನ್ಲಾ?"

"ನಿಲ್ಲಿಸ್ದೆ ಇದ್ರೆ ಮುಳುಗ್ತೀವಿ ಕಣಣ್ಣ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಣ್ಣ ಒಂದು ಕ್ಷಣ ನನ್ನ ಮುಖ ನೋಡಿ ನಿಲ್ಲಿಸಿದ. ಸುರಿಯುವುದು ನಿಂತಿತು. ಆದರೆ ಅಷ್ಟರಲ್ಲಿ ದೋಣಿಯ ಅಂಚಿಗೂ ನೀರಿಗೂ ಮೂರು ಬೆರಳಿನಷ್ಟೇ ಅಂತರ ಉಳಿದಿತ್ತು. ಗಾಳಿ ನಮ್ಮನ್ನು ಅಡ್ಡಡ್ಡ ತಳ್ಳುತ್ತಿತ್ತು. ಒಂದೊಂದು ಅಲೆಯೂ ಒಳಗೆ ಇಣುಕಿ ಒಂದು ಬೊಗಸೆ ಸುರಿದು ಹೋಗುತ್ತಿತ್ತು. ಅಣ್ಣ ಉದ್ದದ ಬಿದಿರಿನ ಗಳುವನ್ನು ನೀರಿಗೆ ಇಳಿಸಿದ. ಗಳು ಪೂರ್ತಿ ಇಳಿಯಿತು, ಅವನ ಮೊಣಕೈವರೆಗೂ ಇಳಿಯಿತು, ನೆಲ ಮಾತ್ರ ಸಿಗಲಿಲ್ಲ. ಅವನು ಗಳುವನ್ನು ಮೇಲಕ್ಕೆ ಎಳೆದುಕೊಂಡು, ಕೂರುವ ಹಲಗೆಯೊಂದನ್ನು ಕಿತ್ತು ನೀರನ್ನು ಹಿಂದಕ್ಕೆ ತಳ್ಳತೊಡಗಿದ.

ನನ್ನ ಹೆಂಡತಿ ಗಾಳಿ ತುಂಬಿದ ಲಾರಿ ಟ್ಯೂಬೊಂದರ ಮೇಲೆ ಕೂತಿದ್ದಳು. ದೋಣಿಯಲ್ಲಿ ಮನುಷ್ಯನನ್ನು ತೇಲಿಸುವಂಥದ್ದು ಅಂತ ಇದ್ದದ್ದು ಅದೊಂದೇ. ತವರಿಗೆ ಕಜ್ಜಾಯ ತುಂಬಿಕೊಂಡಿದ್ದ ಡಬ್ಬಿಯನ್ನು ಅವಳು ನೀರಿಗೆ ಸುರಿದು, ಸೆರಗು ಸಿಕ್ಕಿಸಿಕೊಂಡು ಎದ್ದು, ಅದರಿಂದಲೇ ನೀರು ಮೊಗೆದು ಹೊರಗೆ ಚೆಲ್ಲತೊಡಗಿದಳು.

ಅವಳು ಎದ್ದಳು. ನಾನು ಟ್ಯೂಬನ್ನು ತೆಗೆದುಕೊಂಡೆ.

ಯೋಚಿಸಿ ತೆಗೆದುಕೊಳ್ಳಲಿಲ್ಲ ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಯೋಚಿಸದೆ ಮಾಡಿದ್ದೇ ನಾನು ಎಂಥವನೆಂದು ತೋರಿಸುತ್ತದೆ ಎನ್ನುವುದೂ ನನಗೆ ಗೊತ್ತು. ತಲೆ ತೂರಿಸಿ, ಕಂಕುಳ ಕೆಳಗೆ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ತಬ್ಬಿ ಹಿಡಿದು ಕೂತುಬಿಟ್ಟೆ. ಹಲ್ಲು ಕಟಕಟ ಎನ್ನುತ್ತಿತ್ತು. ನಡುಮಧ್ಯಾಹ್ನದ ಬಿಸಿಲು. ಮೊಗೆಯಲು ಇನ್ನೊಂದು ಡಬ್ಬಿಯೂ ಇತ್ತು, ನನ್ನ ಕಾಲ ಬಳಿಯೇ ತೇಲುತ್ತಿತ್ತು. ಅದನ್ನು ಎತ್ತಿಕೊಳ್ಳಬೇಕಾದರೆ ಟ್ಯೂಬಿನಿಂದ ಒಂದು ಕೈ ಬಿಡಬೇಕಿತ್ತು. ನನ್ನಿಂದ ಆಗಲಿಲ್ಲ. ಅಣ್ಣ ನನಗೆ ಬೆನ್ನು ಹಾಕಿದ್ದ. ಅವಳು ಒಂದೇ ಒಂದು ಸಲ ತಿರುಗಿ ನನ್ನನ್ನೂ ಟ್ಯೂಬನ್ನೂ ನೋಡಿ, ಮತ್ತೆ ಬಗ್ಗಿ ಮೊಗೆದಳು.

ಎಷ್ಟು ಹೊತ್ತಾಯಿತೋ ತಿಳಿಯದು. ಕೊನೆಗೆ ದೋಣಿ ಅವಳ ತವರಿನ ದಡದ ಕೆಸರಿಗೆ ಬಡಿದು ನಿಂತಿತು. ಅಣ್ಣ ನೀರಿಗೆ ಧುಮುಕಿ, ಬೆನ್ನು ಬಗ್ಗಿಸಿ ಹಗ್ಗ ಎಳೆಯತೊಡಗಿದ. ನನ್ನ ಕೈಗಳು ಟ್ಯೂಬನ್ನು ಬಿಡಲಿಲ್ಲ. ಅವಳು ಹತ್ತಿರ ಬಂದು ಕೂತು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವಳ ಅಂಗೈಯಲ್ಲಿ ಡಬ್ಬಿಯ ಅಂಚು ಕೊಯ್ದು ರಕ್ತ ಬಂದಿತ್ತು.

"ದಡ ಬಂತು, ಬುಡಿ" ಎಂದಳು. ಅಣ್ಣ ಇತ್ತ ತಿರುಗುವ ಮೊದಲೇ ಟ್ಯೂಬನ್ನು ನನ್ನ ತಲೆಯ ಮೇಲಿನಿಂದ ತೆಗೆದು ಮೂಲೆಗೆ ಎಸೆದಳು.

ತವರಿನಲ್ಲಿ ಅಣ್ಣ ಊಟಕ್ಕೆ ಕೂತವನೇ ಕತೆ ಶುರು ಮಾಡಿದ. "ನನ್ ತಮ್ಮ ಇಲ್ದಿದ್ರೆ ಇವತ್ತು ಮೂರ್ ಹೆಣ ಬೀಳೋವು. ನಾನು ತಳ ತೂತಾಗೈತೆ ಅಂತಿವ್ನಿ, ಇವ್ನು ನೀರು ಮುಟ್ಟೇ ಬ್ಲಾಕು ಒಡ್ದೈತೆ ಅಂದ!" ನನ್ನ ಮಾವ ಎದ್ದು ಬಂದು ಬೆನ್ನು ತಟ್ಟಿದರು. ಅತ್ತೆ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿ, "ಹೌದೇನವ್ವಾ? ಇವ್ರೇ ನಿನ್ನ ಉಳಿಸುದ್ರಾ?" ಎಂದು ಕೇಳಿದರು.

ನೀರಿನ ಮಧ್ಯೆ ಆದದ್ದಕ್ಕಿಂತ ಹೆಚ್ಚು ಭಯ ಆಗ ಆಯಿತು.

"ಊಂ ಕಣವ್ವ, ಇವ್ರೇ" ಎಂದು ಅವಳು, ಬಟ್ಟೆ ಸುತ್ತಿದ್ದ ಕೈಯಲ್ಲಿ ಸೌಟು ಹಿಡಿದು ನನ್ನ ತಟ್ಟೆಗೆ ಇನ್ನೊಂದಿಷ್ಟು ಸಾರು ಬಿಟ್ಟಳು.

ಇಷ್ಟು ವರ್ಷಗಳಲ್ಲಿ ಅವಳು ಆ ಟ್ಯೂಬಿನ ಮಾತನ್ನು ಒಮ್ಮೆಯೂ ಎತ್ತಿಲ್ಲ, ನಾವಿಬ್ಬರೇ ಇದ್ದಾಗಲೂ. ಜಗಳದಲ್ಲಾದರೂ ಆಡಿಬಿಡಲಿ ಎಂದು ನಾನು ಇನ್ನೂ ಕಾಯುತ್ತಿದ್ದೇನೆ.