ಗಂಗಾಧರ ‘ಬುಡು’ ಅನ್ನಲಿಲ್ಲ

ಗಂಗಾಧರ ಅವತ್ತು ‘ಬುಡು’ ಅನ್ನಲಿಲ್ಲ. ಅಂದ ಅಂತ ಹೇಳಿದವನು ನಾನು. ಅದು ಸುಳ್ಳು.

ಈ ಒಂದು ಸಾಲು ಬರೆಯಲು ನನ್ನ ಅರ್ಧ ಆಯುಷ್ಯ ಹಿಡಿಯಿತು. ಓದುವವರು ನನ್ನನ್ನು ಏನೆಂದುಕೊಳ್ಳುತ್ತಾರೋ ಎಂಬ ಭಯ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಕಥೆಯಲ್ಲಿ ಭಯ ಹೊಸದೇನೂ ಅಲ್ಲ. ಎಲ್ಲವೂ ಶುರುವಾದದ್ದೇ ಅದರಿಂದ —

ಗಂಗಾಧರ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದವನು. ನಾನು ತುಮಕೂರಿನ ಶೆಟ್ಟಿಹಳ್ಳಿಯವನು. ಹೈಸ್ಕೂಲಿನಿಂದ ಇಬ್ಬರೂ ಒಂದೇ ಕ್ರೀಡಾ ಹಾಸ್ಟೆಲಿನಲ್ಲಿ, ಒಂದೇ ರೂಮಿನಲ್ಲಿ ಬೆಳೆದೆವು. ಅವನು ‘ಬಿಡು’ ಅನ್ನುವಲ್ಲೆಲ್ಲ ‘ಬುಡು’ ಅನ್ನುತ್ತಿದ್ದ. ನಾವು ಸಿಟಿ ಹುಡುಗರು ಆಡಿಕೊಂಡು ನಗುತ್ತಿದ್ದೆವು. ಅವನಿಗೆ ಬೇಜಾರಿಲ್ಲ. ‘ಬುಡ್ಲಾ, ನಂಗೇನಂತೆ’ ಎಂದು ಇನ್ನೂ ಜೋರಾಗಿ ಅನ್ನುತ್ತಿದ್ದ. ಮೈದಾನದಲ್ಲೂ ಅವನದೇ ಗಂಟಲು. ಹಿಂದೆ ನಿಂತು ಇಡೀ ತಂಡವನ್ನು ಕೂಗಿ ಕೂಗಿ ಆಡಿಸುತ್ತಿದ್ದ. ಹಾಕಿಯಲ್ಲಿ ಇಬ್ಬರೂ ಡಿಫೆಂಡರುಗಳು. ಆಟದಲ್ಲಿ ಅವನು ನನಗಿಂತ ಮೇಲು. ಅದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ದೇಶದ ಜೂನಿಯರ್ ತಂಡಕ್ಕೆ ಇಬ್ಬರೂ ಒಟ್ಟಿಗೇ ಆಯ್ಕೆಯಾದೆವು. ಮಲೇಷ್ಯಾದಲ್ಲಿ ಅಂತರರಾಷ್ಟ್ರೀಯ ಟೂರ್ನಿ. ಅವನ ಅಪ್ಪ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು. ಅಂಗಡಿಗೆ ಬೀಗ ಹಾಕಿ ವಿಮಾನ ನಿಲ್ದಾಣದವರೆಗೂ ಬಂದಿದ್ದರು. ‘ಮಂಜು, ಇವ್ನು ಮುಂದೆ ಹಿಂದೆ ನೋಡಲ್ಲ. ನೀನು ಒಸಿ ನೋಡ್ಕೊಳಪ್ಪ’ ಎಂದು ನನ್ನ ಭುಜ ಹಿಡಿದು ಹೇಳಿದರು. ನಾನು ಹೂಂ ಅಂದೆ.

ಹಾಕಿ ನೋಡದವರಿಗೆ ಒಂದು ಮಾತು ಹೇಳಬೇಕು. ಪೆನಾಲ್ಟಿ ಕಾರ್ನರ್ ಆದಾಗ ಎದುರಾಳಿಯೊಬ್ಬ ಗೋಲಿನ ಗೆರೆಯಿಂದ ಚೆಂಡನ್ನು ತನ್ನವರಿಗೆ ತಳ್ಳುತ್ತಾನೆ, ಇನ್ನೊಬ್ಬ ಗೋಲಿನ ನೇರಕ್ಕೆ ನಿಂತು ಅದನ್ನು ಬೀಸುತ್ತಾನೆ. ಕಾಯುವವರು ಗೋಲ್‌ಕೀಪರ್ ಸೇರಿ ಐದೇ ಮಂದಿ. ಅವರಲ್ಲೊಬ್ಬ, ಚೆಂಡು ಗೆರೆ ಬಿಟ್ಟ ತಕ್ಷಣ, ಬೀಸುವವನ ಮೇಲೇ ನೇರ ಓಡಬೇಕು. ಓಡಿ, ಚೆಂಡಿನ ದಾರಿಗೆ ತನ್ನ ಸ್ಟಿಕ್ಕು, ತನ್ನ ಕಾಲು, ಕೊನೆಗೆ ತನ್ನ ಮೈ — ಏನಾದರೂ ಸರಿ, ಅಡ್ಡ ಒಡ್ಡಬೇಕು. ಆ ಟೂರ್ನಿಯಲ್ಲಿ ಓಡುವವನು ನಾನು. ನನ್ನ ಬೆನ್ನ ಹಿಂದೆ, ಗೋಲುಕಂಬದ ಪಕ್ಕ, ಗಂಗಾಧರ. ಕೆಲವು ಸಲ ಚೆಂಡು ಹೊರಗೇ ಹೋಗುತ್ತಿದೆ ಅಂತ ಹಿಂದಿನವನಿಗೆ ಕಂಡರೆ ಅವನು ‘ಬಿಡು’ ಎಂದು ಕೂಗುತ್ತಾನೆ. ಆಗ ಓಡುವವನು ಸರಿದುಕೊಳ್ಳಬೇಕು. ತಾಗಿಸಿದರೆ ದಿಕ್ಕು ತಪ್ಪಿ ಗೋಲಾದೀತು. ಹಾಗೆ ಕೂಗಿದರೆ ಮಾತ್ರ ಸರಿಯಬಹುದು. ಇಲ್ಲದಿದ್ದರೆ ಇಲ್ಲ.

ಸೆಮಿಫೈನಲ್. ಎದುರಿಗೆ ಜರ್ಮನಿಯ ಹುಡುಗರು. ಪಂದ್ಯದ ಕೊನೆಯ ಹೊತ್ತಿಗೆ ಒಂದು ಪೆನಾಲ್ಟಿ ಕಾರ್ನರ್ ಆಯಿತು. ಓಡಿದೆ. ಚೆಂಡು ನನ್ನ ತೊಡೆಗೆ ಬಡಿಯಿತು. ಆ ಚೆಂಡು ಕಲ್ಲಿನಷ್ಟು ಗಟ್ಟಿ. ಉಸಿರು ನಿಂತೇಹೋಯಿತು. ಅಂಪೈರ್ ಮತ್ತೊಂದು ಕಾರ್ನರ್ ಕೊಟ್ಟರು. ನಾನು ಕುಂಟುತ್ತಾ ಗೋಲಿನ ಗೆರೆಗೆ ಬಂದೆ. ಮುಖಕ್ಕೆ ಕಟ್ಟಿದ ಮಾಸ್ಕಿನೊಳಗೆ ನನ್ನ ಉಸಿರೇ ನನಗೆ ಕೇಳಿಸುತ್ತಿತ್ತು — ಓಡಿ ದಣಿದ ನಾಯಿಯ ಉಸಿರಿನ ಹಾಗೆ. ಇನ್ನೊಂದು ಸಲ ಬೇಡ, ಇನ್ನೊಂದು ಸಲ ಬೇಡ... ತಲೆಯಲ್ಲಿ ಅಷ್ಟೇ.

ಗೆರೆಯಿಂದ ಚೆಂಡು ತಳ್ಳಿದರು. ಅವರು ಅದನ್ನು ತಡೆದು ಪಕ್ಕದವನಿಗೆ ಸರಿಸಿದರು. ನಾನು ಅವನ ಕಡೆಗೆ ತಿರುಗಿ ಓಡಿದೆ. ಹಿಂದಿನಿಂದ ಗಂಗಾಧರ ಕೂಗಿದ: ‘ಹೋಗ್ಲಾ ಮಂಜ, ನಾನಿದೀನಿ!’

ಅವನು ಕೂಗಿದ್ದು ಅದು. ಒಂದೊಂದು ಅಕ್ಷರವೂ ನನಗೆ ಕೇಳಿಸಿತ್ತು.

ಜರ್ಮನ್ ಹುಡುಗನ ಕೈ ಮೇಲೆದ್ದದ್ದು ಕಂಡಿತು. ನಾನು ಕಣ್ಣು ಮುಚ್ಚಿ ಪಕ್ಕಕ್ಕೆ ತಿರುಗಿದೆ. ಚೆಂಡು ನನ್ನ ಸೊಂಟದ ಪಕ್ಕದಲ್ಲೇ ಹಾದುಹೋಯಿತು, ಅದರ ಗಾಳಿ ತಾಗಿತು. ಹಿಂದೆ ಏನೋ ಒಡೆದ ಸದ್ದು. ಅದು ಅವನ ಮಾಸ್ಕು. ಚೆಂಡು ಅಲ್ಲಿಂದ ಸಿಡಿದು ಗೋಲಿನೊಳಗೆ ಬಿತ್ತು, ಪಂದ್ಯ ಹೋಯಿತು. ನಾನು ತಿರುಗಿ ನೋಡುವುದಕ್ಕೂ ಹೆದರಿ ಹಾಗೇ ನಿಂತಿದ್ದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೋಚ್ ಕೇಳಿದರು, ಹಿಂದಿಯಲ್ಲಿ — ಯಾಕೆ ಸರಿದೆ? ಬೈಯಲಿಲ್ಲ. ಮೆಲ್ಲಗೇ ಕೇಳಿದರು. ಹೆದರಿದೆ ಅಂದರೆ ನನ್ನ ಆಟ ಅಲ್ಲಿಗೆ ಮುಗಿಯಿತು ಅನ್ನಿಸಿತು. ಬಾಯಿ ತಾನಾಗಿಯೇ ತೆರೆಯಿತು: ‘ಅವನೇ ಬುಡು ಅಂದ, ಸಾರ್. ನಮ್ಮ ಭಾಷೆಯಲ್ಲಿ, ಛೋಡ್ ದೋ ಅಂತ.’

ಆ ತಂಡದಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಗೋಲ್‌ಕೀಪರ್ ಪಂಜಾಬಿನವನು, ಏನೋ ಕೂಗಿದ್ದು ಕೇಳಿಸಿತು ಅಂದ. ಸಾಕಾಯಿತು. ನಾನು ‘ಬಿಡು’ ಅಂತಲೂ ಹೇಳಲಿಲ್ಲ ನೋಡಿ. ಅವನ ಬಾಯಿಯ ಮಾತನ್ನೇ, ನಾವು ಆಡಿಕೊಳ್ಳುತ್ತಿದ್ದ ಆ ಮಾತನ್ನೇ ಆರಿಸಿಕೊಂಡೆ. ಅಷ್ಟು ಭಯದಲ್ಲೂ ನನ್ನ ಬುದ್ಧಿ ಅಷ್ಟು ಚುರುಕಾಗಿತ್ತು.

ಅವನಿಗೆ ಎಚ್ಚರವಾಗಲಿ ಎಂದು ಹೊರಗೆ ಕೂತು ದೇವರನ್ನು ಬೇಡಿಕೊಂಡೆ. ಅದು ನಿಜ. ಜೊತೆಗೇ ಇನ್ನೊಂದು ಯೋಚನೆಯೂ — ಎಚ್ಚರವಾಗಿ ಅವನು ಬಾಯಿಬಿಟ್ಟರೆ... ಅದನ್ನು ಪೂರ್ತಿ ಬರೆಯಲು ನನ್ನಿಂದ ಆಗುವುದಿಲ್ಲ.

ಅವನು ಎದ್ದ. ‘ಏನಾಯ್ತ್ಲಾ ಮಂಜ? ಮ್ಯಾಚು ಯಾವಾಗ?’ ಅಂದ. ಅಂದು ಬೆಳಿಗ್ಗೆಯಿಂದ ನಡೆದದ್ದು ಯಾವುದೂ ಅವನಿಗೆ ನೆನಪಿರಲಿಲ್ಲ. ಬಲಗಣ್ಣು ಹೋಗಿತ್ತು. ಅದನ್ನು ಕೇಳಿದಾಗ ನಾನು ಅತ್ತೆ. ಆದರೆ ನೆನಪಿಲ್ಲ ಎಂದು ಡಾಕ್ಟರು ಹೇಳಿದಾಗ ನನ್ನೊಳಗೆ ಏನೋ ಸಡಿಲವಾಯಿತು. ಅದು ಸಂತೋಷ. ಬೇರೆ ಹೆಸರು ಕೊಡಲಾರೆ.

‘ನಿಧಾನವಾಗಿ ನೆನಪು ಬಂದರೂ ಬರಬಹುದು’ ಎಂದೂ ಡಾಕ್ಟರು ಹೇಳಿದ್ದರು. ನನಗೆ ಆ ಮಾತೇ ಶಿಕ್ಷೆಯಾಯಿತು.

ಊರಿಗೆ ಬಂದ ಮೇಲೆ ಗುಬ್ಬಿಯ ಅವರ ಅಂಗಡಿಗೆ ಹೋದೆ. ಅವನ ಅಪ್ಪ ನನ್ನನ್ನು ಅಂಗಡಿಯ ಹಿಂದೆ, ಕೊಬ್ಬರಿ ಮೂಟೆಗಳ ನಡುವೆ ಕರೆದುಕೊಂಡು ಹೋಗಿ ಕೇಳಿದರು. ‘ನಿಜವಾಗ್ಲೂ ಅವ್ನೇ ಬುಡು ಅಂದ್ನಾ ಮಂಜು? ನನ್ನಾಣೆ ಹೇಳಪ್ಪ.’

ಅಲ್ಲಿ ಕೋಚ್ ಇರಲಿಲ್ಲ. ತಂಡ ಇರಲಿಲ್ಲ. ನಿಜ ಹೇಳಿದ್ದರೆ ನನ್ನನ್ನು ಹೊಡೆಯುತ್ತಿದ್ದರೋ ಏನೋ, ಅಷ್ಟೇ. ನಾನು ಅವರ ಮುಖ ನೋಡುತ್ತಲೇ ಹೇಳಿದೆ: ‘ಹೂಂ ಅಪ್ಪಾಜಿ. ಅವ್ನೇ ಅಂದಿದ್ದು.’

ಮೊದಲ ಸುಳ್ಳು ಹೆದರಿಕೆಯಲ್ಲಿ ಬಾಯಿಂದ ಬಿದ್ದದ್ದು ಅಂತ ಯಾರಾದರೂ ನನ್ನ ಪರವಾಗಿ ಹೇಳಿಯಾರು. ಎರಡನೆಯದಕ್ಕೆ ಯಾರೂ ಹೇಳಬಾರದು.

ನಾನು ಆಡುತ್ತಾ ಹೋದೆ. ಆಟದ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿತು, ಮದುವೆಯಾಯಿತು, ಶೆಟ್ಟಿಹಳ್ಳಿಯಲ್ಲಿ ಮನೆ ಕಟ್ಟಿದೆ. ಗಂಗಾಧರ ಓದು ಮುಂದುವರಿಸಿ ಕುಣಿಗಲ್‌ನ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರಾದ. ಹಬ್ಬಕ್ಕೆ ಫೋನು ಮಾಡುತ್ತಿದ್ದ. ಫೋನಿನಲ್ಲಿ ಅವನ ಹೆಸರು ಕಂಡಾಗಲೆಲ್ಲ ನನಗೆ ಒಂದೇ ಯೋಚನೆ — ಇವತ್ತು ನೆನಪಾಗಿರಬಹುದೇ? ಒಮ್ಮೆ ಅವನು, ‘ಒಂದ್ ಕನಸು ಬೀಳ್ತದೆ ಕಣೋ. ಅದ್ರಲ್ಲಿ ನಾನು ಏನೋ ಕೂಗ್ತಾ ಇರ್ತೀನಿ, ಏನಂತ ಕೇಳ್ಸಲ್ಲ’ ಅಂದ. ‘ಬಿಡೋ, ಕನಸು ತಾನೆ’ ಅಂದೆ.

ಈ ವರ್ಷ ಅಂತರರಾಷ್ಟ್ರೀಯ ಟೂರ್ನಿಯೊಂದರ ಫೈನಲ್ ಟಿವಿಯಲ್ಲಿ ಬರುವುದಿತ್ತು. ಮಕ್ಕಳ ಜೊತೆ ಕೂತು ನೋಡೋಣ, ಬೆಳಿಗ್ಗೆ ಬಂದು ಅವರ ಆಟವನ್ನೂ ನೋಡು ಎಂದು ಅವನು ಕರೆದ. ನೆಪ ಹುಡುಕಿದೆ, ಸಿಗಲಿಲ್ಲ. ಹೋದೆ.

ಶಾಲೆಯ ಮೈದಾನದಲ್ಲಿ ಮಕ್ಕಳು ಚೆನ್ನಾಗಿಯೇ ಆಡುತ್ತಿದ್ದರು. ಆದರೆ ಏನೋ ಸರಿಯಿಲ್ಲ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಗೊತ್ತಾಯಿತು — ಯಾರೂ ಕೂಗುತ್ತಿರಲಿಲ್ಲ. ಪಾಸ್ ಕೊಡು, ಹಿಂದೆ ನೋಡು, ನಾನಿದ್ದೀನಿ, ಏನೂ ಇಲ್ಲ. ಸ್ಟಿಕ್ಕಿಗೆ ಚೆಂಡು ತಾಗುವ ಸದ್ದು, ಕಾಲಿನ ಸದ್ದು, ಅಷ್ಟೇ.

‘ಯಾಕೋ ಇವ್ರು ಕೂಗೋದೇ ಇಲ್ಲ?’ ಎಂದು ಕೇಳಿದೆ.

‘ನಾನೇ ಬೇಡ ಅಂದಿದೀನಿ’ ಅಂದ ಗಂಗಾಧರ. ಆಮೇಲೆ ಮಕ್ಕಳನ್ನು ಕೂರಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ: ‘ಈ ಸಾರ್ ಅವತ್ತು ನನ್ನ ಮಾತು ನಂಬಿ ಸರಿದ್ರು. ತಪ್ಪು ಕೂಗಿದ್ದು ನಾನು. ಒಂದೇ ಒಂದು ಮಾತಿಗೆ ಕಣ್ಣು ಹೋಯ್ತು, ಮ್ಯಾಚೂ ಹೋಯ್ತು. ಗ್ಯಾರಂಟಿ ಇಲ್ದೆ ಬಾಯಿ ಬಿಡಬಾರದು, ತಿಳೀತಾ?’

ಮಕ್ಕಳು ನನ್ನನ್ನು ಗೌರವದಿಂದ ನೋಡಿದರು.

ಅವರು ನೀರು ಕುಡಿಯಲು ಹೋದಾಗ ಹೇಳಿಬಿಟ್ಟೆ. ಹೇಗೆ ಶುರು ಮಾಡಿದೆನೋ ನೆನಪಿಲ್ಲ. ‘ನೀನು ಬುಡು ಅನ್ನಲಿಲ್ಲ ಗಂಗ. ನಾನು ಹೆದ್ರಿ ಸರಿದೆ. ಆಮೇಲೆ ನಿನ್ ಮೇಲೆ ಹಾಕ್ದೆ.’ ಅವನು ಹೊಡೆಯಲಿ ಅಂತ ಕಾದೆ.

ಅವನು ಕೇಳಿದ: ‘ಮತ್ತೆ ನಾನೇನ್ ಅಂದೆ?’

‘ಹೋಗ್ಲಾ ಮಂಜ, ನಾನಿದೀನಿ — ಅಂದೆ.’

ಅವನ ತುಟಿ ಆಡಿತು. ಆ ಮಾತನ್ನು ತನ್ನ ಬಾಯಲ್ಲೇ ಒಮ್ಮೆ ಅಂದು ನೋಡಿಕೊಂಡ ಹಾಗೆ. ಆಮೇಲೆ, ‘ನಮ್ಮಪ್ಪ ಸಾಯೋವರ್ಗೂ ನನ್ ಕೂಡೆ ಸರಿಯಾಗಿ ಮಾತಾಡ್ಲಿಲ್ಲ ಕಣೋ. ಬಾಯ್ ಇಟ್ಕೊಂಡು ಬಾಳು ಕೆಡಿಸ್ಕೊಂಡ ಅಂತಿದ್ರು. ನನ್ ಬೈಕ್ ಹತ್ತು. ಬಂದು ನಮ್ಮವ್ವನ ಮುಂದೆ ಹೇಳು.’

ಅವನ ಹಿಂದೆ ಕೂತು ಹೋದ ಆ ದಾರಿಯಲ್ಲಿ ಕುಣಿಗಲ್ ಕೆರೆ ಎದುರಾಯಿತು, ಬಸ್‌ಸ್ಟ್ಯಾಂಡು ಎದುರಾಯಿತು. ಇಳಿದು ಓಡಿಬಿಡೋಣ ಅನ್ನಿಸಿತು. ಸುಳ್ಳಲ್ಲ.

ಕುಣಿಗಲ್‌ನ ಅವನ ಮನೆಯಲ್ಲಿ ಅವನ ತಾಯಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ‘ಬಾ ಮಂಜು, ಎಷ್ಟ್ ದಿನ ಆಯ್ತಪ್ಪ, ಮಕ್ಳು ಚೆನ್ನಾಗವ್ರಾ?’ ಅಂದರು. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕೊಬ್ಬರಿ ಮೂಟೆಗಳ ನಡುವೆ ಹೇಳಿದ್ದನ್ನೂ ಹೇಳಿದೆ. ಅವರ ಕೈ ನಿಂತಿತು. ನನ್ನನ್ನು ನೋಡಲಿಲ್ಲ, ಮಗನನ್ನು ನೋಡಿದರು.

‘ಅವ್ರು ಆಣೆ ಇಟ್ಟು ಕೇಳಿದ್ರಲ್ಲಪ್ಪ’ ಅಂದರು. ‘ಅವಾಗ ಹೇಳಬಾರದಾಗಿತ್ತಾ?’

ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ‘ಹೊರಡು’ ಅಂದ ಗಂಗಾಧರ. ‘ನಾನು ಕರೆಯೋವರ್ಗೂ ಬರಬೇಡ.’

ತುಮಕೂರಿಗೆ ಬಂದು ಹಳೆಯ ತಂಡದ ಗೆಳೆಯರಿಗೆ, ಆ ಕೋಚಿಗೆ, ನನ್ನ ಹೆಂಡತಿಗೆ ನಿಜ ತಿಳಿಸಿದೆ. ಕೆಲವರು ಉತ್ತರಿಸಲಿಲ್ಲ. ಹೆಂಡತಿ ನನ್ನನ್ನು ಈಗ ಬೇರೆ ಥರ ನೋಡುತ್ತಾಳೆ, ಅವಳ ತಪ್ಪಲ್ಲ.

ಗಂಗಾಧರನ ಅಪ್ಪನಿಗೆ ಹೇಳುವುದು ಮಾತ್ರ ಆಗಲಿಲ್ಲ. ಅದಿನ್ನು ಆಗುವುದೂ ಇಲ್ಲ. ಅದಕ್ಕೆ ಇಲ್ಲಿ, ಅವರ ಗುರುತಿನವರು ಯಾರಾದರೂ ಓದಲಿ ಎಂದು, ಬರೆಯುತ್ತಿದ್ದೇನೆ. ಅವರ ಮಗ ಕೊನೆಯವರೆಗೂ ಗೋಲಿನ ಮುಂದೆ ನಿಂತಿದ್ದ. ಓಡಿಹೋದವನು ನಾನು.

ಅವನಿನ್ನೂ ಕರೆದಿಲ್ಲ. ಕರೆಯದೆಯೂ ಇರಬಹುದು. ನಾನು ಫೋನು ಮಾಡುವುದಿಲ್ಲ.